ಝೆರಾಕ್ಸ್ ನಡೆಯುವುದಿಲ್ಲ, ಹಾರಿಸ್!

"ಫೋಟೋ ಇರುವ ಗುರುತಿನ ದಾಖಲೆ ತೋರಿಸಿ."

ಬೆಳಿಗ್ಗೆಯಿಂದ ಹೇಳಿ ಹೇಳಿ ನಾಲಿಗೆಗೆ ಬಾಯಿಪಾಠವಾಗಿದ್ದ ಮಾತನ್ನು ಶಮ್ನಾ ತಲೆ ಎತ್ತದೆ ಇನ್ನೊಮ್ಮೆ ಹೇಳಿದಳು. ಮೇಜಿನ ಮೇಲೆ ಒಂದು ಆಧಾರ್ ಕಾರ್ಡ್ ಬಂತು. ಕಾರ್ಡ್ ಇಟ್ಟ ಕೈ ಮಾತ್ರ ಹಿಂದಕ್ಕೆ ಹೋಗಲಿಲ್ಲ.

ಅವಳು ತಲೆ ಎತ್ತಿದಳು.

ಅಷ್ಟೇ... ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು!

ಎಡ ಹುಬ್ಬಿನ ತುದಿಯಲ್ಲಿ ಸಣ್ಣ ಗಾಯದ ಕಲೆ. ನಗಬೇಕೋ ಬೇಡವೋ ಎಂದು ಯೋಚಿಸುತ್ತಿರುವಂಥ ತುಟಿ. ತನ್ನ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾಳೋ ಈ ಮುಖವನ್ನು! ನಿಜವಾಗಿ ನೋಡುತ್ತಿರುವುದು ಮಾತ್ರ ಇದೇ ಮೊದಲು.

ಹಾರಿಸ್. ಮುಂದಿನ ತಿಂಗಳು ಅವಳನ್ನು ನಿಕಾಹ್ ಆಗಬೇಕಾದವನು. ಲೆಕ್ಕಕ್ಕೆ ಈಗ ಸೌದಿಯ ದಮ್ಮಾಮಿನಲ್ಲಿ ಇರಬೇಕಾದವನು!

"ಶಮ್ನಾ..." ಎಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು. "ವೋಟು ಹಾಕಿ, ಸೀದಾ ಮೆಲ್ಕಾರಿಗೆ ಬಂದು ಸರ್‌ಪ್ರೈಸ್ ಕೊಡುವ ಅಂತ ಇದ್ದೆ. ನೀವು ನೋಡಿದ್ರೆ ಇಲ್ಲಿ!"

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವುದು ಇದಕ್ಕೇ ಇರಬೇಕು.

ಮೆಲ್ಕಾರ್‌ನ ಶಮ್ನಾ ಸರ್ಕಾರಿ ಶಾಲೆಯ ಟೀಚರ್. ಚುನಾವಣೆ ಡ್ಯೂಟಿ ಇದು ಮೊದಲನೆಯದು. ಯಾವ ಮತಗಟ್ಟೆ ಎಂದು ಗೊತ್ತಾಗಿದ್ದೇ ಹಿಂದಿನ ದಿನ, ಪೆಟ್ಟಿಗೆ ಸಾಮಾನುಗಳ ಜೊತೆ ಬಸ್ಸು ಹತ್ತುವಾಗ. ಬೆಳುವಾಯಿ! ಹಾರಿಸ್‌ನ ಊರು ಅದು. 'ಅವರು ಇಲ್ಲದಿದ್ದರೇನು, ಅವರು ಓದಿದ ಶಾಲೆಯನ್ನಾದರೂ ನೋಡಬಹುದಲ್ಲ' ಎಂದು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಒಬ್ಬಳೇ ನಕ್ಕಿದ್ದಳು.

ಈಗ ನಗು ಬರಲಿಲ್ಲ. ಅವಳು ಮತದಾರರ ಪಟ್ಟಿಯ ಕೊನೆಯ ಪುಟ ತೆಗೆದಳು. ವಿದೇಶದಲ್ಲಿದ್ದುಕೊಂಡೇ ಅರ್ಜಿ ಹಾಕಿ ಹೆಸರು ಸೇರಿಸಿದವರಿಗೆ ಅಲ್ಲಿ ಬೇರೆಯೇ ಜಾಗ. ಅವರಿಗೆ ನಿಯಮವೂ ಬೇರೆ. ತರಬೇತಿಯಲ್ಲಿ ಅದನ್ನು ಎರಡೆರಡು ಸಲ ಹೇಳಿದ್ದರು.

"ನಿಮ್ಮ ಹೆಸರು ಅನಿವಾಸಿ ಮತದಾರರಲ್ಲಿ ಉಂಟು," ಎಂದಳು. "ನಿಮಗೆ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಬೇಕು."

"ಡ್ರೈವಿಂಗ್ ಲೈಸೆನ್ಸ್ ಉಂಟು."

"ಅದೂ ನಡೆಯುವುದಿಲ್ಲ."

ಹಾರಿಸ್ ಪರ್ಸ್ ಬಿಚ್ಚಿದ. ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದ. "ಇದಾ, ಪಾಸ್‌ಪೋರ್ಟ್!"

ಗಲ್ಫಿಗೆ ಹೋದ ಯಾರ ಪರ್ಸ್ ಬೇಕಾದರೂ ನೋಡಿ, ದುಡ್ಡು ಇರಲಿ ಬಿಡಲಿ, ಪಾಸ್‌ಪೋರ್ಟಿನ ಒಂದು ನಕಲು ಪ್ರತಿ ಇದ್ದೇ ಇರುತ್ತದೆ. ಇದು ಮಡಿಕೆಗಳಲ್ಲಿ ಬಿಳಿಚಿಕೊಂಡಿತ್ತು.

"ಝೆರಾಕ್ಸ್ ನಡೆಯುವುದಿಲ್ಲ," ಎಂದಳು ಶಮ್ನಾ. "ಅಸಲಿಯೇ ಬೇಕು."

ಪಕ್ಕದ ಬೆಂಚಿನಲ್ಲಿ ಪಕ್ಷಗಳ ಏಜೆಂಟರು ಕೂತಿದ್ದರು. ಅವರಲ್ಲಿ ಭೋಜ ಎಂಬವನಿಗೆ ತಡೆಯಲಾಗಲಿಲ್ಲ. "ಎಂಥದು ಮೇಡಂ ಇದು? ನಮ್ಮ ಹಸನಬ್ಬನವರ ಮಗ ಅಲ್ವಾ! ಚಿಕ್ಕಂದಿನಲ್ಲಿ ಮೂಗು ಸುರಿಸಿಕೊಂಡು ನಮ್ಮ ಅಂಗಳದಲ್ಲೇ ಗೋಲಿ ಆಡಿದವ. ನನ್ನ ತಕರಾರು ಇಲ್ಲ ಮಾರಾಯ್ರೆ, ಬಿಡಿ!"

"ನಮ್ಮದೂ ಇಲ್ಲ," ಎಂದರು ಉಳಿದ ಏಜೆಂಟರು. ಚುನಾವಣೆ ಘೋಷಣೆಯಾದ ಮೇಲೆ ಆ ಬೆಂಚು ಒಂದು ವಿಷಯದಲ್ಲಿ ಒಪ್ಪಿದ್ದು ಇದೇ ಮೊದಲು.

ಶಮ್ನಾ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಲೋಕಯ್ಯನವರ ಮುಖ ನೋಡಿದಳು. ನಿವೃತ್ತಿಯ ಅಂಚಿನಲ್ಲಿದ್ದ ಆ ಹೆಡ್‌ಮಾಸ್ಟರ್ ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿದ್ದರು.

'ಬಿಟ್ಟುಬಿಡಲಾ? ಇವರು ಯಾರೆಂದು ಈ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ವೋಟು... ಅವರ ಜೀವನದ ಮೊದಲ ವೋಟು...'

ಆಗ ಹೆಂಗಸರ ಸಾಲಿನಲ್ಲಿದ್ದ ನೀಲಾವತಿ ಅಜ್ಜಿ ಅವಳ ಕಣ್ಣಿಗೆ ಬಿದ್ದರು.

ಬೆಳಿಗ್ಗೆ ಅಜ್ಜಿ ಬರೀ ಮತದಾರರ ಚೀಟಿ ಹಿಡಿದು ಬಂದಿದ್ದರು. ಚೀಟಿಯೊಂದೇ ಸಾಲದು, ಫೋಟೋ ಇರುವ ದಾಖಲೆ ಬೇಕು ಎಂದು ಹಿಂದೆ ಕಳಿಸಿದ್ದು ಶಮ್ನಾಳೇ. "ಮೊದಲೆಲ್ಲ ಇದೇ ನಡೀತಿತ್ತಲ್ಲ ಮಗಾ," ಎಂದು ಗೊಣಗುತ್ತ, ಗದ್ದೆ ಬದುವಿನ ಮೇಲೆ ಆ ಬಿಸಿಲಿನಲ್ಲಿ ನಡೆದು ಹೋಗಿದ್ದರು ಪಾಪ. ಈಗ ಫೋಟೋ ಅಂಟಿಸಿದ ಅಂಚೆ ಕಚೇರಿಯ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎದೆಗೆ ಅವಚಿ ಹಿಡಿದು ನಿಂತಿದ್ದಾರೆ. ಟೀಚರ್ ಏನು ಮಾಡುತ್ತಾಳೆ ಎಂದು ನೋಡುತ್ತಿದ್ದಾರೆ.

'ಈ ಅಜ್ಜಿಗೊಂದು ನ್ಯಾಯ, ನನ್ನ ಮದುಮಗನಿಗೊಂದು ನ್ಯಾಯವಾ? ಇಲ್ಲ... ಆಗದು.'

"ನನ್ನ ಗುರುತು ನಿಮಗೆ ಇಲ್ವಾ, ಶಮ್ನಾ?" ಹಾರಿಸ್‌ನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಗುರುತು ನನಗೆ ಬೇಕಾದದ್ದಲ್ಲ," ಎಂದಳು. "ಈ ಮೇಜಿಗೆ ಬೇಕಾದದ್ದು. ಆರು ಗಂಟೆಯವರೆಗೆ ಸಮಯ ಉಂಟು. ಅಸಲಿ ತನ್ನಿ."

ದನಿ ಗಟ್ಟಿಯಾಗಿತ್ತು. ಪಟ್ಟಿಯಲ್ಲಿ ಅವನ ಹೆಸರಿನ ಮೇಲಿಟ್ಟ ಬೆರಳನ್ನು ಮಾತ್ರ ಅವಳು ತೆಗೆಯಲಿಲ್ಲ.

ಹಾರಿಸ್ ಆ ಕಾಗದವನ್ನು ಹಿಂದಿನಂತೆಯೇ ನಾಲ್ಕು ಮಡಿಕೆ ಮಾಡಿದ. "ಊರಿನಲ್ಲೂ ಕಾರ್ಡ್ ಕೇಳುವ ಕಾಲ ಬಂತು," ಎಂದು ಹೇಳಿ ಹೊರಟುಹೋದ.

ಸಾಲಿನಲ್ಲಿದ್ದ ಅವನ ತಂದೆ ಹಸನಬ್ಬ ಎಲ್ಲವನ್ನೂ ನೋಡಿದ್ದರು. "ಕೈ ಹಿಡಿಯುವ ಮೊದಲೇ ಹೊರಗೆ ಹಾಕಿದಳು! ಒಳ್ಳೆ ಹುಡುಗಿಯನ್ನು ಹುಡುಕಿದ್ದೇವೆ!" ಎಂದು ತಮ್ಮ ಸರದಿ ಬಂದಾಗ ಅವಳಿಗೆ ಮಾತ್ರ ಕೇಳುವಂತೆ ಗೊಣಗಿದರು. ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು ಗೋಡೆ ನೋಡುತ್ತ ನಿಂತರು. ಶಮ್ನಾ ಏಜೆಂಟರಿಗೆ ಕೇಳುವಂತೆ ಅವರ ಹೆಸರು ಓದಿದಳು. ನಾಳೆ ಉಪ್ಪ ಎಂದು ಕರೆಯಬೇಕಿದ್ದವರು... ಅವಳ ಮುಖ ನೋಡದೆ ಮುಂದೆ ಹೋದರು.

* * *

ಮಧ್ಯಾಹ್ನ ಸಾಲು ಸ್ವಲ್ಪ ಕರಗಿದಾಗ ಊಟದ ಪೊಟ್ಟಣ ಬಂತು. ಶಮ್ನಾ ಅನ್ನ ಕಲಸಿದಳೇ ಹೊರತು ತುತ್ತು ಎತ್ತಲಿಲ್ಲ.

ಅವಳಿಗೆ ಫೋನಿನಲ್ಲಿ ಹಾರಿಸ್ ಹೇಳಿದ ಮಾತು ನೆನಪಾಗಿತ್ತು. 'ಇಲ್ಲಿ ಎಲ್ಲದಕ್ಕೂ ಕಾರ್ಡ್ ಶಮ್ನಾ. ಗೇಟಿಗೆ ಕಾರ್ಡ್, ರೂಮಿಗೆ ಕಾರ್ಡ್, ರಸ್ತೆಯಲ್ಲಿ ನಡೆದರೂ ಕಾರ್ಡ್. ಊರಿನಲ್ಲಿ ಹಾಗಲ್ಲ, ಮುಖ ನೋಡಿದ್ರೆ ಸಾಕು. ಒಂದು ಸಲವಾದರೂ ಊರಿಗೆ ಬಂದು ವೋಟು ಹಾಕಬೇಕು. ನಮ್ಮ ಶಾಲೆಯಲ್ಲಿ ನಿಂತು, ನಮ್ಮವರ ಮಧ್ಯೆ...'

ಹದಿನೆಂಟು ತುಂಬಿದ ಕೂಡಲೇ ವಿಮಾನ ಹತ್ತಿದವನು ಅವನು. ಬೆರಳಿಗೆ ಶಾಯಿ ತಾಗಿಸಿಕೊಂಡವನೇ ಅಲ್ಲ. ಅವನ ಆ ಆಸೆಗೆ ಬಾಗಿಲು ಹಾಕಿದ್ದು ಯಾರು? ಅವಳೇ!

"ಆ ಹುಡುಗ ಯಾರು ಟೀಚರ್?" ಲೋಕಯ್ಯ ಮೆತ್ತಗೆ ಕೇಳಿದರು.

"ಮುಂದಿನ ತಿಂಗಳು ನಮ್ಮ ನಿಕಾಹ್ ಸರ್..." ಅವಳ ಕಣ್ಣು ತುಂಬಿತು. "ಇತ್ತು. ಇನ್ನು ಗೊತ್ತಿಲ್ಲ."

ಲೋಕಯ್ಯನವರ ಕೈ ಎಲೆಯ ಮೇಲೆಯೇ ನಿಂತಿತು. "ಅಯ್ಯೋ ಮಗಳೇ! ಮೊದಲೇ ಹೇಳುವುದಲ್ವಾ?"

"ಹೇಳಿದ್ರೆ ಅವರನ್ನು ಬಿಡ್ತಿದ್ರಾ ಸರ್?"

"ಬಿಡ್ತಿರಲಿಲ್ಲ. ಆದರೆ ಬೇಡ ಅಂತ ಹೇಳುವ ಕಷ್ಟವನ್ನು ನಿಮಗೆ ಕೊಡ್ತಿರಲಿಲ್ಲ. ಅದನ್ನು ನಾನೇ ಹೇಳ್ತಿದ್ದೆ." ಸಾರಿನ ಪೊಟ್ಟಣವನ್ನು ಅವಳ ಕಡೆಗೆ ಸರಿಸಿದರು. "ಊಟ ಮಾಡಿ. ನೀವು ಇವತ್ತು ಮಾಡಿದ್ದು ಎಲ್ಲರಿಂದ ಆಗುವಂಥದ್ದಲ್ಲ."

ಹೊಗಳಿಕೆ ಕೇಳಿ ಅವಳಿಗೆ ಇನ್ನಷ್ಟು ಅಳು ಬಂತು. ಆದರೆ ಉಂಡಳು. ಸಂಜೆಯವರೆಗೆ ಆ ಕುರ್ಚಿಯಲ್ಲಿ ಕೂರಬೇಕಿತ್ತಲ್ಲ.

* * *

ಇತ್ತ ಹಾರಿಸ್ ಮನೆ ಮುಟ್ಟಿದವನೇ ಅಡುಗೆಮನೆಗೆ ನುಗ್ಗಿದ. "ಉಮ್ಮಾ, ನನ್ನ ಪಾಸ್‌ಪೋರ್ಟ್ ಎಲ್ಲಿ?"

ಮೀನು ಹುರಿಯುತ್ತಿದ್ದ ತಾಯಿ ಜುಲೈಕಾ ಬೆಚ್ಚಿದರು. "ಯಾಕೆ ಮೋನೇ? ಕಂಪೆನಿಯಿಂದ ಪುನಃ ಫೋನ್ ಬಂತಾ?"

ಈ ಕಡೆಯ ಗಲ್ಫ್ ಮನೆಗಳಲ್ಲಿ ಒಂದು ಪದ್ಧತಿ ಉಂಟು. ಮದುವೆಗೆಂದು ಮಗ ಬಂದಿಳಿದರೆ ಮೊದಲು ಸೂಟ್‌ಕೇಸ್ ಬಿಚ್ಚುತ್ತಾರೆ. ಆಮೇಲೆ ಪಾಸ್‌ಪೋರ್ಟ್ ತಾಯಿಯ ಕಪಾಟಿಗೆ ಹೋಗುತ್ತದೆ. ಬೀಗ! ನಿಕಾಹ್ ಮುಗಿಯುವವರೆಗೆ ಹಕ್ಕಿ ಹಾರಬಾರದು ನೋಡಿ. ಹಾರಿಸ್ ಒಮ್ಮೆ ಹಾರಿದವನೇ. ಹಿಂದಿನ ಸಲ ಹುಡುಗಿ ನೋಡುವ ಮಾತು ಶುರುವಾಗುವಾಗಲೇ ಕಂಪೆನಿ ಕರೆಯಿತೆಂದು ರಜೆ ಅರ್ಧಕ್ಕೇ ಬಿಟ್ಟು ಹೋಗಿದ್ದ. ಹಾಗಾಗಿ ಈ ಸಲ ಜುಲೈಕಾರಿಗೆ ತಮ್ಮ ಕಪಾಟಿನ ಮೇಲೂ ನಂಬಿಕೆ ಬರಲಿಲ್ಲ.

"ಬೆಳ್ತಂಗಡಿಯಲ್ಲಿ..." ಎಂದರು ಸಣ್ಣ ದನಿಯಲ್ಲಿ. "ನಿನ್ನ ಮಾಮಿಯ ಕೈಯಲ್ಲಿ ಕೊಟ್ಟಿದ್ದೇನೆ. ನಾನೇ ಬಂದು ಕೇಳಿದ್ರೆ ಮಾತ್ರ ಕೊಡು ಅಂತ."

"ಬೆಳ್ತಂಗಡಿಯಲ್ಲಾ!" ಹಾರಿಸ್ ಅಲ್ಲೇ ಮಣೆಯ ಮೇಲೆ ಕುಸಿದ. "ಅಲ್ಲಿ ಕಂಪೆನಿಯವರು ಇಟ್ಟುಕೊಳ್ತಾರೆ. ಇಲ್ಲಿ ನೀವು. ನನ್ನ ಕೈಯಲ್ಲಿ ಯಾವಾಗಲೂ ಝೆರಾಕ್ಸ್ ಮಾತ್ರ. ನನ್ನದು ಅಂತ ನಾನು ಹಿಡಿಯುವುದು ಯಾವಾಗ ಉಮ್ಮಾ?"

ಜುಲೈಕಾ ಒಲೆ ಆರಿಸಿದರು. ಮಗನ ಮುಖ ನೋಡಿ ವಿಷಯ ಕೇಳಿದರು. ಅವನು ಎಲ್ಲವನ್ನೂ ಹೇಳಿದ. ಅಷ್ಟರಲ್ಲಿ ಹಸನಬ್ಬ ಕೂಡ ಬಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು. "ಊರವರ ಎದುರು ಮರ್ಯಾದೆ ತೆಗೆದಳು! ಈ ಸಂಬಂಧ ಬೇಡ. ಈಗಲೇ ಮೆಲ್ಕಾರಿಗೆ ಫೋನ್ ಮಾಡ್ತೇನೆ."

"ಫೋನ್ ಕೆಳಗೆ ಇಡಿ," ಎಂದರು ಜುಲೈಕಾ.

ಆ ಮನೆಯಲ್ಲಿ ಅಂಥ ದನಿ ಅಪರೂಪ. ಹಸನಬ್ಬ ಫೋನ್ ಕೆಳಗಿಟ್ಟರು.

"ನನಗೆ ಒಂದು ಹೇಳು ಮೋನೇ. ನೀನು ಓಡಿ ಹೋಗ್ತೀಯೆಂದು ಹೆದರಿ ನಾನು ನಿನ್ನ ಪಾಸ್‌ಪೋರ್ಟ್ ಅಡಗಿಸಿದೆ. ಹೆತ್ತವಳು ನಾನು! ಆ ಹುಡುಗಿಗೆ ನೀನು ಸಿಟ್ಟು ಮಾಡ್ತೀಯೆಂದು ಗೊತ್ತಿತ್ತು. ನಿನ್ನ ಉಪ್ಪ ಹೀಗೆ ಹಾರಾಡ್ತಾರೆಂದೂ ಗೊತ್ತಿತ್ತು. ಆದರೂ 'ಅಸಲಿ ತನ್ನಿ' ಎಂದಳು. ನೀನು ತರ್ತೀಯೆಂದು ನಂಬಿ ಎಂದಳು. ನಮ್ಮಿಬ್ಬರಲ್ಲಿ ನಿನ್ನನ್ನು ಹೆಚ್ಚು ನಂಬಿದ್ದು ಯಾರು?"

ಹಾರಿಸ್‌ಗೆ ಆ ಮೇಜು ನೆನಪಾಯಿತು. ಪಟ್ಟಿಯಲ್ಲಿ ತನ್ನ ಹೆಸರಿನ ಮೇಲಿಂದ ಅವಳು ಬೆರಳು ತೆಗೆಯದೇ ಇದ್ದದ್ದು ನೆನಪಾಯಿತು. ಆಗ ಅದನ್ನು ಕಂಡಿದ್ದ, ಆದರೆ ಅರ್ಥವಾಗಿರಲಿಲ್ಲ! 'ಛೇ... ಅವಳೂ ನನ್ನಷ್ಟೇ ನೊಂದಿದ್ದಾಳೆ.'

"ಸ್ಕೂಟರ್ ಕೀ ಕೊಡಿ ಉಪ್ಪ," ಎಂದ. "ಉಮ್ಮಾ, ಬುರ್ಖಾ ಹಾಕಿಕೊಳ್ಳಿ. ಹೋಗುವ."

"ನನ್ನ ವೋಟೂ ಆಗಿಲ್ಲ ಮಾರಾಯ! ಬೇಗ ಬಿಡು."

ಮೂಡುಬಿದಿರೆ ದಾಟಿ, ವೇಣೂರು ದಾಟಿ, ಬೆಂಕಿಯಂಥ ಬಿಸಿಲಿನಲ್ಲಿ ಸ್ಕೂಟರ್ ಓಡಿತು. ಬೆಳ್ತಂಗಡಿಯ ಮನೆ ಮುಟ್ಟಿದರೆ ಬಾಗಿಲಿಗೆ ಬೀಗ! ಮಾಮಿ ಕೂಡ ವೋಟು ಹಾಕಲು ಹೋಗಿದ್ದರು. ಕಪಾಟಿನ ಕೀ ಅವರ ಸೊಂಟದಲ್ಲಿ. ಜುಲೈಕಾ ಆ ಮತಗಟ್ಟೆಯ ಸಾಲಿನವರೆಗೂ ಹೋಗಿ, "ಕೀ ಕೊಡು ಮಾರಾಯ್ತಿ!" ಎಂದರು. ಮಾಮಿಯೂ ಅಷ್ಟೇ ಗಟ್ಟಿ. "ನೀನೇ ಹೇಳಿದ್ದಲ್ವಾ ಯಾರ ಕೈಗೂ ಕೊಡಬೇಡ ಅಂತ? ವೋಟು ಹಾಕಿ ಬಂದು ನಾನೇ ತೆಗೆದುಕೊಡ್ತೇನೆ."

ಹೀಗೆ, ತಾವೇ ಹಾಕಿದ ಬೀಗದ ಎದುರು ಜುಲೈಕಾ ಕಾದು ಕೂರಬೇಕಾಯಿತು. ಹಾರಿಸ್ ಜಗಲಿಯಲ್ಲಿ ಅತ್ತಿಂದಿತ್ತ ನಡೆದ. ಬಿಸಿಲು ವಾಲುತ್ತಾ ಬಂತು, ಅಲ್ಲಿನ ಸಾಲು ಮಾತ್ರ ಕರಗಲಿಲ್ಲ.

* * *

ಆರು ಗಂಟೆ ಸಮೀಪಿಸಿತು.

ಶಾಲೆಯ ಗೇಟಿನ ಬಳಿ ಪೊಲೀಸ್ ಎದ್ದು ನಿಂತ. ಸಾಲಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ಆರಕ್ಕೆ ಸಾಲಿನಲ್ಲಿ ಇದ್ದವರಿಗೆಲ್ಲ ಚೀಟಿ ಕೊಡುತ್ತಾರೆ. ಆಮೇಲೆ ಬಂದವರಿಗೆ ಇಲ್ಲ, ಅವರು ಯಾರೇ ಆಗಿರಲಿ.

ಶಮ್ನಾಳ ಕಣ್ಣು ಪಟ್ಟಿಯ ಮೇಲೆ, ಕಿವಿ ರಸ್ತೆಯ ಮೇಲೆ. 'ಬರಲಿಕ್ಕಿಲ್ಲ. ಯಾಕೆ ಬರಬೇಕು? ಯಾ ಅಲ್ಲಾಹ್, ನನ್ನ ಮೇಲಿನ ಸಿಟ್ಟಿಗೆ ಅವರ ವೋಟು ಹೋಗದಿರಲಿ... ಅಷ್ಟು ಸಾಕು.'

ಲೋಕಯ್ಯ ಚೀಟಿಗಳನ್ನು ಹಿಡಿದು ಹೊರಗೆ ಹೊರಟರು. ಗೇಟಿನ ಒಂದು ಬಾಗಿಲು ಕಿರ್ರೆಂದು ಮುಚ್ಚಿತು.

ಆಗ ಕೇಳಿಸಿತು ಸ್ಕೂಟರ್ ಸದ್ದು! ಅದರ ಹಿಂದೆಯೇ ಒಂದು ಹೆಂಗಸಿನ ದನಿ: "ನಿಲ್ಲಿಸಿ ಮಾರಾಯ್ರೆ! ಗೇಟು ನಿಲ್ಲಿಸಿ!"

ಧೂಳು ಮೆತ್ತಿದ ಬುರ್ಖಾದಲ್ಲಿ ಜುಲೈಕಾ ಮೊದಲು ಒಳಗೆ ಬಂದರು. ಹಿಂದೆ, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದ ಹಾರಿಸ್. ಲೋಕಯ್ಯ ಸಾಲಿನ ತುದಿಗೆ ಬಂದು ಅವನ ಕೈಗೆ ಚೀಟಿ ಕೊಟ್ಟರು. ಆಮೇಲೆ ಯಾರೂ ಸೇರಬಾರದೆಂದು ಚೀಟಿ ಕೊಡುವುದು ಸಾಲಿನ ಬಾಲದಿಂದ. ಕೊನೆಯವನಾಗಿ ಬಂದ ಹಾರಿಸ್‌ಗೆ ಮೊದಲ ಚೀಟಿಯೇ ಸಿಕ್ಕಿತು.

"ಒಳಗೆ ಒಬ್ಬರು ಬೆಳಿಗ್ಗೆಯಿಂದ ಬಾಗಿಲು ನೋಡ್ತಿದ್ದಾರೆ," ಎಂದರು ಹೆಡ್‌ಮಾಸ್ಟರ್, ಮುಖದಲ್ಲಿ ಏನೂ ತೋರಿಸದೆ.

ಮೇಜಿನ ಬಳಿ ಜುಲೈಕಾರ ಸರದಿ. ಶಮ್ನಾ ಬಾಯಿ ತೆರೆಯುವ ಮೊದಲೇ ಅವರು ಮುಖದ ಪರದೆ ಸರಿಸಿ, ಗುರುತಿನ ಚೀಟಿಯನ್ನು ಟಪ್ಪನೆ ಇಟ್ಟರು. "ನೋಡು ಮಗಳೇ, ಅಸಲಿ. ಝೆರಾಕ್ಸ್ ಅಲ್ಲ!"

ಇಡೀ ಮತಗಟ್ಟೆ ನಕ್ಕಿತು. 'ಮಗಳೇ' ಎಂದರಲ್ಲ! ಶಮ್ನಾಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಆದರೂ ಚೀಟಿಯನ್ನು ಕೈಗೆತ್ತಿ, ಮುಖ ನೋಡಿ, ಫೋಟೋ ನೋಡಿ, ಹೆಸರು ಓದಿಯೇ ಮುಂದೆ ಕಳಿಸಿದಳು. ಜುಲೈಕಾ ಅದನ್ನೂ ಗಮನಿಸಿದರು. ಅವರ ಎದೆ ಹೆಮ್ಮೆಯಿಂದ ಉಬ್ಬಿತು.

ಈಗ ಹಾರಿಸ್.

ಅವನು ಎರಡೂ ಕೈಯಿಂದ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟ. ಶಮ್ನಾ ಪುಟ ತಿರುಗಿಸಿದಳು. ಫೋಟೋದಲ್ಲಿದ್ದವನು ಗಡ್ಡವಿಲ್ಲದ ಒಬ್ಬ ಸಣಕಲ ಹುಡುಗ. ಮನೆ ಬಿಟ್ಟು ಹೋಗಲು ಹೆದರಿದ ಕಣ್ಣು. ಹುಬ್ಬಿನ ತುದಿಯಲ್ಲಿ ಅದೇ ಕಲೆ. ಅವಳು ಆ ಹುಡುಗನನ್ನು ನೋಡಿದಳು, ಎದುರಿಗಿದ್ದವನನ್ನು ನೋಡಿದಳು.

ನಿಯಮದ ಪ್ರಕಾರ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಬೇಕು.

ಈವರೆಗೆ ಆ ಹೆಸರನ್ನು ಅವಳು ಬಾಯಿಬಿಟ್ಟು ಕರೆದವಳೇ ಅಲ್ಲ. ಫೋನಿನಲ್ಲೂ 'ನೀವು' ಎಂದೇ ಮಾತು.

"ಹಾರಿಸ್!" ಎಂದಳು ಗಟ್ಟಿಯಾಗಿ. "ತಂದೆ ಹಸನಬ್ಬ!"

"ಅವನೇ, ಅವನೇ! ನಾನು ಬೆಳಿಗ್ಗೆಯೇ ಹೇಳಿದ್ದೆ!" ಎಂದ ಭೋಜ.

ಹಾರಿಸ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. "ಈಗ ಗುರುತು ಸಿಕ್ಕಿತಾ?" ಎಂದ ಮೆಲ್ಲಗೆ.

"ಮೇಜಿಗೆ ಈಗ ಸಿಕ್ಕಿತು," ಎಂದಳು ಶಮ್ನಾ, ಪಟ್ಟಿಯಲ್ಲಿ ಗುರುತು ಹಾಕುತ್ತ. "ನನಗೆ ಬೆಳಿಗ್ಗೆಯೇ ಸಿಕ್ಕಿತ್ತು."

ಪಕ್ಕದ ಮೇಜಿನಲ್ಲಿ ಅವನ ಬೆರಳಿಗೆ ಶಾಯಿ ತಾಗಿತು. ಮರೆಯ ಹಿಂದೆ ಯಂತ್ರ 'ಬೀಪ್' ಎಂದಿತು. ಹೊರಗೆ ಬರುವಾಗ ಹಾರಿಸ್ ತನ್ನ ಬೆರಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಶಾಲೆಯಲ್ಲಿ ಬಹುಮಾನ ಗೆದ್ದ ಹುಡುಗನ ಖುಷಿ.

* * *

ಯಂತ್ರಕ್ಕೆ ಮೊಹರು ಹಾಕಿ, ಸಾಮಾನು ಕಟ್ಟಿ ಶಮ್ನಾ ಹೊರಗೆ ಬರುವಾಗ ಮುಸ್ಸಂಜೆ ಕವಿದಿತ್ತು. ರಸ್ತೆ ಬದಿಯಲ್ಲಿ ಡ್ಯೂಟಿಯವರ ಬಸ್ಸು ಕಾಯುತ್ತಿತ್ತು. ಅದರ ಪಕ್ಕದಲ್ಲಿ ಮೂವರು ನಿಂತಿದ್ದರು.

ಹಸನಬ್ಬ ಮುಂದೆ ಬಂದರು. ಗಂಟಲು ಸರಿಮಾಡಿಕೊಂಡರು. "ಬೆಳಿಗ್ಗೆ ನಾನು ಏನೇನೋ ಹೇಳಿದೆ ಮಗಳೇ. ತಪ್ಪಾಯ್ತು." ಆಮೇಲೆ, ಮನೆಗೆ ಹೊರಟಿದ್ದ ಭೋಜನನ್ನು ಕರೆದು ನಿಲ್ಲಿಸಿದರು. "ಭೋಜಣ್ಣ, ಇವಳು ಯಾರು ಗೊತ್ತುಂಟಾ? ನನ್ನ ಸೊಸೆ ಆಗುವವಳು! ನನ್ನ ಮಗನನ್ನೇ ವಾಪಸ್ ಕಳಿಸಿದವಳು. ಊರಿಗೆಲ್ಲ ಹೇಳು!"

ಭೋಜನ ಬಾಯಿ ತೆರೆದುಕೊಂಡಿತು. ಹೇಳುವ ಕೆಲಸ ಅವನಿಗೆ ಹೇಳಿಕೊಡಬೇಕೇ?

ಜುಲೈಕಾ ಗಂಡನ ತೋಳು ಹಿಡಿದು ಸ್ವಲ್ಪ ದೂರ ಎಳೆದುಕೊಂಡು ಹೋದರು. ಉಳಿದವರು ಇಬ್ಬರೇ.

"ಸಿಟ್ಟು ಉಂಟಾ?" ಶಮ್ನಾ ಕೇಳಿದಳು.

"ಇತ್ತು. ವೇಣೂರು ಮುಟ್ಟುವಾಗ ಹೋಯ್ತು." ಹಾರಿಸ್ ನಕ್ಕ. ಆಮೇಲೆ ನಗು ನಿಲ್ಲಿಸಿ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಶಮ್ನಾ, ಫೋನಿನಲ್ಲಿ ಮಾತಾಡುವಾಗ ನೀವು ಇಷ್ಟವಾಗಿದ್ರಿ. ಇವತ್ತು ಆ ಮೇಜಿನ ಹಿಂದೆ ನೋಡಿದ ಮೇಲೆ... ನಿಮ್ಮ ಮೇಲೆ ಪ್ರೀತಿ ಆಗಿದೆ. ಹೆಮ್ಮೆಯೂ ಆಗಿದೆ."

ಅವಳು ತಲೆ ತಗ್ಗಿಸಿದಳು. ಕಣ್ಣೀರು ಕಾಣಬಾರದಲ್ಲ.

"ಬೇಡ ಅಂತ ಹೇಳುವಾಗ ಜೀವ ಹೋದ ಹಾಗಾಗಿತ್ತು," ಎಂದಳು. "ನೀವು ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ರೂ ನಾನು ಅದನ್ನೇ ಹೇಳ್ತಿದ್ದೆ. ಆದರೆ ಜೀವನಪೂರ್ತಿ ಬಾಗಿಲು ನೋಡ್ತಿದ್ದೆ."

ಹಾರಿಸ್ ಜೇಬಿನಿಂದ ಪಾಸ್‌ಪೋರ್ಟ್ ತೆಗೆದ. "ಉಮ್ಮ ಇದನ್ನು ನನಗೇ ವಾಪಸ್ ಕೊಟ್ಟರು. ಇನ್ನು ಅಡಗಿಸುವುದಿಲ್ಲವಂತೆ. ನೀವು ಇಟ್ಟುಕೊಳ್ತೀರಾ? ನಿಕಾಹ್ ಮುಗಿಯುವವರೆಗೆ?"

ಶಮ್ನಾ ಅದನ್ನು ತೆಗೆದುಕೊಳ್ಳಲಿಲ್ಲ. ಅವನ ಬೆರಳುಗಳನ್ನೇ ಅದರ ಮೇಲೆ ಮಡಚಿದಳು. ಶಾಯಿಯ ಬೆರಳು ಮೇಲೆ ಬಂತು.

"ನಿಮ್ಮದು ನಿಮ್ಮ ಕೈಯಲ್ಲೇ ಇರಲಿ. ನಿಮ್ಮನ್ನು ನಿಲ್ಲಿಸಿಕೊಳ್ಳಲಿಕ್ಕೆ ನನಗೆ ಪಾಸ್‌ಪೋರ್ಟ್ ಬೇಡ."

ಬಸ್ಸು ಹಾರ್ನ್ ಹಾಕಿತು. ಅವಳು ಓಡಿ ಮೆಟ್ಟಿಲು ಹತ್ತಿದಳು. ಕಿಟಕಿಯ ಕೆಳಗೆ ಹಾರಿಸ್ ಬಂದು ನಿಂತ.

"ಟೀಚರ್! ನಿಕಾಹಿನ ದಿನ ಯಾವ ದಾಖಲೆ ತರಬೇಕು?"

ಶಮ್ನಾ ಕಿಟಕಿಯಿಂದ ಬಗ್ಗಿ, ಆ ಹೆಸರನ್ನು ಇನ್ನೊಮ್ಮೆ ಹೇಳಿದಳು. ಈ ಸಲ ಗಟ್ಟಿಯಾಗಿ ಅಲ್ಲ.

"ಹಾರಿಸ್... ನೀವು ಬಂದ್ರೆ ಸಾಕು."